ಅಮೆರಿಕನ್ ಫುಟ್‌ಬಾಲ್‌ನಲ್ಲಿ ಓಡುವ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಪಾಕೆಟ್‌ನಲ್ಲಿ ನಿಂತು ಎಸೆಯೋದನ್ನು ಕಲಿಯೋದು ಹೇಗೆ? ಲಮಾರ್ ಬದಲಾದನಾ, ಕೋಚ್ ಬದಲಾದ್ದಕ್ಕೆ ಹಾಗೆ ಕಾಣುತ್ತಾ?

ಟಚ್‌ಡೌನ್_ತಿಮ್ಮ:
ಮ್ಯಾಚ್ ಇಲ್ಲದ ತಿಂಗಳುಗಳಲ್ಲಿ ಜಗಳಕ್ಕೆ ಒಂದು ವಿಷಯ ಬೇಕಲ್ವಾ, ತಗೊಳ್ಳಿ. ಲಮಾರ್ ಜಾಕ್ಸನ್ 2018ರಲ್ಲಿ ಬಾಲ್ಟಿಮೋರ್ ರೇವನ್ಸ್‌ಗೆ ಬಂದಾಗ ಅವನ ಪಾಸ್‌ಗಳಲ್ಲಿ ನೂರಕ್ಕೆ 58 ಮಾತ್ರ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಕೈ ಸೇರಿದ್ದವು. ಓಡುತ್ತಾನೆ, ಎಸೆಯೋಕೆ ಬರಲ್ಲ ಅಂತ ಬರೆದವರಿಗೆ ಲೆಕ್ಕವಿಲ್ಲ. ಈಗ 2024ಕ್ಕೆ ಬನ್ನಿ. 4172 ಯಾರ್ಡ್, 41 ಟಚ್‌ಡೌನ್ ಪಾಸ್ (ಎಂಡ್ ಝೋನ್ ಅನ್ನೋ ಕೊನೆಯ ಅಂಕದ ಜಾಗಕ್ಕೆ ತಲುಪಿಸಿದ ಎಸೆತ), ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ) ಬರೀ 4. ಜೊತೆಗೆ ಓಡಿ 915 ಯಾರ್ಡ್. ಒಂದೇ ಸೀಸನ್‌ನಲ್ಲಿ 4000 ಎಸೆದು 900 ಓಡಿದವರು ಅವನಿಗಿಂತ ಮೊದಲು ಯಾರೂ ಇರಲಿಲ್ಲ.

ಪಾಕೆಟ್‌ನಲ್ಲಿ ನಿಂತು ಎಸೆಯೋದನ್ನು ಅವನು ನಿಜವಾಗಿ ಕಲಿತನಾ? ಕಲಿತಿದ್ದರೆ ಕಲಿತದ್ದೇನು? ಅಥವಾ 2023ರಲ್ಲಿ ಗ್ರೆಗ್ ರೋಮನ್ ಹೋಗಿ ಟಾಡ್ ಮಾಂಕೆನ್ ಆಫೆನ್ಸಿವ್ ಕೋಆರ್ಡಿನೇಟರ್ (ದಾಳಿಯ ಕೋಚ್) ಆಗಿ ಬಂದದ್ದಕ್ಕೆ ನಮಗೆ ಹಾಗೆ ಕಾಣುತ್ತಿದೆಯಾ? ನಮ್ಮ ಆಫೀಸಿನಲ್ಲಿ ಒಬ್ಬ ಸ್ಟೀಲರ್ಸ್ (ರೇವನ್ಸ್‌ನ ಬದ್ಧವೈರಿ ತಂಡ) ಅಭಿಮಾನಿ ಇದ್ದಾನೆ. ಹಿಂದೆ ಡೆರಿಕ್ ಹೆನ್ರಿಯಂಥ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ನಿಂತಿದ್ದರೆ ಯಾರು ಬೇಕಾದರೂ ಎಸೆಯುತ್ತಾರೆ ಅನ್ನುತ್ತಾನೆ. ಅವನ ಬಾಯಿ ಮುಚ್ಚಿಸೋಕೆ ನನಗೆ ಒಂದಿಷ್ಟು ಸರಕು ಬೇಕು.

ಮೇರಿಲ್ಯಾಂಡ್_ಮಂಜ:
ಸ್ಟೀಲರ್ಸ್ ಅಭಿಮಾನಿ ಮಾತಿಗೆ ಯಾಕೆ ಬೆಲೆ ಕೊಡುತ್ತೀರಿ ಗುರು.

ಬಫಲೋ_ಬಸವ:
ಹೆನ್ರಿ 2024ರಲ್ಲಿ 1921 ಯಾರ್ಡ್ ಓಡಿದ್ದು ಸುಮ್ನೆ ಅಲ್ಲ ಮಂಜಣ್ಣ. ಅವನನ್ನು ತಡೆಯೋಕೆ ಡಿಫೆನ್ಸ್ ಇನ್ನೊಬ್ಬ ಸೇಫ್ಟಿಯನ್ನು (ಹಿಂದೆ ಕಾವಲಿರುವವನನ್ನು) ಮುಂದಕ್ಕೆ ತರಲೇಬೇಕು. ಆಗ ಹಿಂದೆ ಜಾಗ ಖಾಲಿ. ಆ ಜಾಗಕ್ಕೆ ಎಸೆಯೋದು ಸುಲಭ ಅಂತ ಆ ಸ್ಟೀಲರ್ಸ್‌ನವನು ಹೇಳಿದರೆ ಅದರಲ್ಲಿ ಅರ್ಧ ಸತ್ಯ ಇದೆ.

ಆದರೆ ನಿಜವಾದ ಬದಲಾವಣೆ ನೋಡಬೇಕಾದರೆ ನಮ್ಮ ಬಫಲೋ ತಂಡದ ಕ್ವಾರ್ಟರ್‌ಬ್ಯಾಕ್ ಜಾಶ್ ಅಲೆನ್‌ನನ್ನು ನೋಡಿ. ಇಬ್ಬರೂ 2018ರ ಡ್ರಾಫ್ಟ್‌ನವರೇ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸೋದು). ಅಲೆನ್ 7ನೆಯವನು, ಲಮಾರ್ ಎರಡನೇ ರೌಂಡ್. ಅಲೆನ್ ಪಾಸ್‌ಗಳಲ್ಲಿ ಕೈ ಸೇರಿದ್ದು ಮೊದಲ ವರ್ಷ 52.8 ಶೇಕಡಾ, ಎರಡನೇ ವರ್ಷ 58.8, ಮೂರನೇ ವರ್ಷ 69.2! ಅಂಥ ಜಿಗಿತ ತುಂಬಾ ಅಪರೂಪ.

ಮೇರಿಲ್ಯಾಂಡ್_ಮಂಜ:
ಎರಡನೇ ರೌಂಡ್ ಅಲ್ಲ ಸ್ವಾಮಿ, ಮೊದಲ ರೌಂಡಿನ ಕೊನೆ, 32ನೇ ಆಯ್ಕೆ. ಫಿಲಡೆಲ್ಫಿಯಾ ಜೊತೆ ಅದಲುಬದಲು ಮಾಡಿಕೊಂಡು ತೆಗೆದುಕೊಂಡರು. ಬಫಲೋದವರು ನಮ್ಮ ಇತಿಹಾಸ ಬರೆಯೋದು ಬೇಡ.

ದಾವಣಗೆರೆ_ಬೆಣ್ಣೆ:
ನಾನು ಈ ಆಟಕ್ಕೆ ಹೊಸಬ. ಹೋದ ಸೀಸನ್‌ನಿಂದ ಬೆಂಗಳೂರಿನಲ್ಲಿ ಕೂತು ನೋಡುತ್ತಿದ್ದೇನೆ. ಪಾಕೆಟ್ ಪಾಕೆಟ್ ಅಂತೀರಲ್ಲ, ಅದು ಮೈದಾನದಲ್ಲಿ ಗೆರೆ ಹಾಕಿದ ಜಾಗವಾ? ಮತ್ತೆ, ಓಡೋಕೆ ಬರುವವನು ಓಡಿದರೆ ತಪ್ಪೇನು?

ಸಾಗರದವ:
ಬೆಣ್ಣೆಯವರೇ, ಗೆರೆ ಇಲ್ಲ. ಚೆಂಡು ಸ್ನ್ಯಾಪ್ ಆದ (ಕ್ವಾರ್ಟರ್‌ಬ್ಯಾಕ್ ಕೈಗೆ ಬಂದು ಆಟ ಶುರುವಾದ) ತಕ್ಷಣ ಮುಂದಿನ ಐದು ಲೈನ್‌ಮನ್‌ಗಳು ಹಿಂದಕ್ಕೆ ಸರಿಯುತ್ತಾ ಕ್ವಾರ್ಟರ್‌ಬ್ಯಾಕ್ ಸುತ್ತ ಅರ್ಧಚಂದ್ರಾಕಾರದಲ್ಲಿ ನಿಲ್ಲುತ್ತಾರೆ. ಆ ಒಳಗಿನ ಜಾಗವೇ ಪಾಕೆಟ್. ಸಾಮಾನ್ಯವಾಗಿ ಎರಡೂವರೆ, ಮೂರು ಸೆಕೆಂಡ್ ಬಾಳುತ್ತದೆ. ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್ ಒಬ್ಬ ರಿಸೀವರ್‌ನನ್ನು ನೋಡಿ, ಅವನು ಬಿಡುವಾಗಿಲ್ಲದಿದ್ದರೆ ಎರಡನೆಯವನನ್ನು ನೋಡಿ, ಆಮೇಲೆ ಮೂರನೆಯವನನ್ನು ನೋಡಿ, ಎಸೆಯಬೇಕು.

ಓಡಿದರೆ ತಪ್ಪಿಲ್ಲ. ಯಾವಾಗ ಓಡುತ್ತಾನೆ ಅನ್ನೋದರಲ್ಲಿ ತಪ್ಪಿದೆ. ಹೈಸ್ಕೂಲಿನಿಂದ ಎಲ್ಲರಿಗಿಂತ ವೇಗವಾಗಿ ಓಡಿದ ಹುಡುಗ ಮೊದಲ ರಿಸೀವರ್ ಸಿಗಲಿಲ್ಲ ಅಂದರೆ ಕಾಲು ಕೀಳುತ್ತಾನೆ. ಅಲ್ಲಿ ಅದು ನಡೆಯುತ್ತಿತ್ತು, ಅವನನ್ನು ಹಿಡಿಯುವವರೇ ಇರಲಿಲ್ಲ. ಹಾಗಾಗಿ ಎರಡನೆಯವನನ್ನು, ಮೂರನೆಯವನನ್ನು ನೋಡುವ ಅಭ್ಯಾಸವೇ ಬೆಳೆಯಲಿಲ್ಲ. ಎನ್ಎಫ್ಎಲ್‌ಗೆ (ಅಮೆರಿಕದ ವೃತ್ತಿಪರ ಲೀಗ್) ಬಂದಾಗ ಎದುರಿನ 120 ಕೆಜಿ ಆಳೂ ಅಷ್ಟೇ ಜೋರಾಗಿ ಓಡುತ್ತಾನೆ.

ಇನ್ನೊಂದು ವಿಷಯ ಟಿವಿಯಲ್ಲಿ ಕಾಣುವುದಿಲ್ಲ. ಅದು ಕಣ್ಣು. ರಶ್ (ತನ್ನ ಮೇಲೆ ನುಗ್ಗುವ ಎದುರಾಳಿಗಳು) ಹತ್ತಿರ ಬಂದ ಹಾಗೆ ಅನ್ನಿಸಿದ ಕೂಡಲೇ ಹೊಸ ಕ್ವಾರ್ಟರ್‌ಬ್ಯಾಕ್ ಕಣ್ಣು ಕೆಳಗಿಳಿಸುತ್ತಾನೆ, ತನ್ನ ಮೇಲೆ ಬರುವವನನ್ನು ನೋಡುತ್ತಾನೆ. ಆ ಕ್ಷಣಕ್ಕೆ ಆಟ ಮುಗಿಯಿತು. ಹಿಂದೆ ಟೈಟ್ ಎಂಡ್ (ಲೈನ್ ಪಕ್ಕದಿಂದ ಹೊರಡುವ ರಿಸೀವರ್) ಬಿಡುವಾಗಿ ಕೈ ಎತ್ತಿಕೊಂಡು ನಿಂತಿದ್ದರೂ ಅವನಿಗೆ ಕಾಣುವುದಿಲ್ಲ. ಪಾಕೆಟ್ ಪಾಸರ್ ಅಂದರೆ ಕದಲದೆ ನಿಲ್ಲುವವನು ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಅಲ್ಲ. ಅವನೂ ಓಡಾಡುತ್ತಾನೆ, ಆದರೆ ಅರ್ಧ ಹೆಜ್ಜೆ ಎಡಕ್ಕೆ, ಒಂದು ಹೆಜ್ಜೆ ಮುಂದಕ್ಕೆ, ಕಣ್ಣು ಮಾತ್ರ ಮೇಲೆ. ಹೊರಗಿನಿಂದ ಬರುವ ಇಬ್ಬರು ಹಿಂದಕ್ಕೆ ಸುತ್ತಿ ಬರುತ್ತಾರಲ್ಲ, ಅವರಿಂದ ತಪ್ಪಿಸಿಕೊಳ್ಳುವ ದಾರಿ ಮುಂದಿದೆ, ಪಕ್ಕಕ್ಕಲ್ಲ. ಓಡುವ ಹುಡುಗರು ಮಾಡುವುದು ಉಲ್ಟಾ. ಹಿಂದಕ್ಕೆ ಸರಿದು ಸುತ್ತಿ ಹೊರಗೆ ಹೋಗುತ್ತಾರೆ, ಸೀದಾ ಅವರ ಕೈಗೇ ಸಿಗುತ್ತಾರೆ.

ಹುಬ್ಬಳ್ಳಿ_ಹೈದ:
ಬೆಣ್ಣೆಯವರಿಗೆ ಅರ್ಥ ಆಗುವ ಹಾಗೆ ಹೇಳಬೇಕಂದ್ರೆ, ಸ್ಪಿನ್ನರ್ ಬಂದ ಕೂಡಲೇ ಕ್ರೀಸ್ ಬಿಟ್ಟು ಮುಂದೆ ನುಗ್ಗುವ ಬ್ಯಾಟ್ಸ್‌ಮನ್ ಕ್ರೀಸ್‌ನಲ್ಲೇ ನಿಂತು ಕೊನೆಯವರೆಗೆ ಚೆಂಡು ನೋಡಿ ಆಡೋದನ್ನು ಕಲಿತ ಹಾಗೆ. ನುಗ್ಗೋದು ಮರೆಯಬೇಕಾಗಿಲ್ಲ.

ಎಡಗೈ_ಎಂಕ:
ಶುರುವಾಯ್ತು ಕ್ರಿಕೆಟ್. ಈ ವೇದಿಕೆಯಲ್ಲಿ ಒಂದು ಚರ್ಚೆಯೂ ಹತ್ತು ಪೋಸ್ಟ್ ದಾಟಲ್ಲ ಕ್ರಿಕೆಟ್ ಬರದೆ.

ಉದಾಹರಣೆ ಬೇಕಾದರೆ ಇದೇ ಆಟದಲ್ಲಿ ಇದೆ. ಕ್ವಾರ್ಟರ್‌ಬ್ಯಾಕ್ ಸ್ಟೀವ್ ಯಂಗ್. 1985, 86ರಲ್ಲಿ ಟ್ಯಾಂಪಾ ಬೇಯಲ್ಲಿ ಆಡಿದ 19 ಮ್ಯಾಚ್‌ಗಳಲ್ಲಿ ಗೆದ್ದದ್ದು 3. ಟಚ್‌ಡೌನ್ ಪಾಸ್ 11, ಇಂಟರ್‌ಸೆಪ್ಷನ್ 21. ಬರೀ ಓಡುವವನು ಅಂತ ಹೆಸರು. ಆಗ ಕೋಚ್ ಬಿಲ್ ವಾಲ್ಷ್ ಅವನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದುಕೊಂಡು ಬಂದರು. ಅಲ್ಲಿ ಆಗಲೇ ಹೆಸರಾಂತ ಕ್ವಾರ್ಟರ್‌ಬ್ಯಾಕ್ ಜೋ ಮಾಂಟಾನಾ ಇದ್ದ, ಅಂದರೆ ಯಂಗ್‌ಗೆ ಬೆಂಚೇ ಗತಿ. 1987ರಿಂದ 90ರವರೆಗೆ ಕೂತು ನೋಡಿದ. ಆ ಆಟದ ಪದ್ಧತಿಯಲ್ಲಿ ಹೆಜ್ಜೆಗೂ ಕಣ್ಣಿಗೂ ಲೆಕ್ಕ. ಮೂರು ಹೆಜ್ಜೆ ಹಿಂದೆ ಇಟ್ಟರೆ ಒಬ್ಬ ರಿಸೀವರ್‌ಗೆ, ಐದು ಇಟ್ಟರೆ ಇನ್ನೊಬ್ಬನಿಗೆ. ಐದನೇ ಹೆಜ್ಜೆ ನೆಲಕ್ಕೆ ತಾಗಿದಾಗ ಚೆಂಡು ಹೋಗಿರಬೇಕು. ಹೋಗದಿದ್ದರೆ ಒಂದು ಸಣ್ಣ ಕುಪ್ಪಳ, ಮುಂದಿನವನ ಕಡೆ ನೋಟ. ಕಾಲೇ ಕಣ್ಣಿಗೆ ಯಾರನ್ನು ನೋಡಬೇಕು ಅಂತ ಹೇಳುತ್ತದೆ.

ಆಮೇಲೆ ಏನಾಯಿತು? 1992ರಲ್ಲಿ ಎಂವಿಪಿ (ಶ್ರೇಷ್ಠ ಆಟಗಾರ), 1994ರಲ್ಲಿ ಮತ್ತೆ ಎಂವಿಪಿ, ಆ ಸೀಸನ್‌ನ ಸೂಪರ್ ಬೌಲ್‌ನಲ್ಲಿ (ಲೀಗ್‌ನ ಫೈನಲ್) 6 ಟಚ್‌ಡೌನ್ ಪಾಸ್. ತಮಾಷೆ ಏನು ಗೊತ್ತಾ, ಅದೇ ಮ್ಯಾಚ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಓಡಿದವನೂ ಅವನೇ, 49 ಯಾರ್ಡ್. ಓಟ ಎಲ್ಲೂ ಹೋಗಿರಲಿಲ್ಲ.

ಹುಬ್ಬಳ್ಳಿ_ಹೈದ:
ನಾನು ಹೇಳಿದ್ದೂ ಅದೇ ತಾನೇ. ನುಗ್ಗೋದು ಮರೆಯಬೇಕಾಗಿಲ್ಲ ಅಂತ.

ಬಫಲೋ_ಬಸವ:
ಯಂಗ್ ಥರ ನಾಲ್ಕು ವರ್ಷ ಬೆಂಚಿನಲ್ಲಿ ಕೂರಿಸೋಕೆ ಈಗ ಯಾವ ತಂಡಕ್ಕೂ ತಾಳ್ಮೆ ಇಲ್ಲ. ಮೊದಲ ರೌಂಡಿನ ಹುಡುಗನನ್ನು ಎರಡನೇ ತಿಂಗಳಿಗೆ ಮೈದಾನಕ್ಕೆ ಇಳಿಸುತ್ತಾರೆ. ಕಲಿಯೋದೆಲ್ಲ ಎಲ್ಲರ ಕಣ್ಣೆದುರಿಗೆ, ಬೈಸಿಕೊಳ್ಳುತ್ತಾ.

ಅಲೆನ್‌ಗೆ ಆಗಿದ್ದು ಏನು ಅಂದರೆ, ಕೈ ಬಲ ವಿಪರೀತ ಇತ್ತು, ಆ ಬಲವನ್ನೇ ನಂಬಿ ಕಾಲು ನೆಲದಲ್ಲಿ ಊರದೆ ಎಸೆಯುತ್ತಿದ್ದ. 2020ಕ್ಕೆ ಮುಂಚಿನ ಬಿಡುವಿನಲ್ಲಿ ಕ್ವಾರ್ಟರ್‌ಬ್ಯಾಕ್ ಕೋಚ್ ಜಾರ್ಡನ್ ಪಾಮರ್ ಜೊತೆ ಕೂತು, ಮೈಗೆ ಸೆನ್ಸರ್ ಹಾಕಿಕೊಂಡು ಎಸೆತವನ್ನು ಅಳೆಸಿಕೊಂಡು, ಸೊಂಟ ಮೊದಲು ತಿರುಗಿ ಆಮೇಲೆ ಕೈ ಬರುವ ಹಾಗೆ ತಿದ್ದಿಕೊಂಡ. ಅದೇ ವರ್ಷ ರಿಸೀವರ್ ಸ್ಟೆಫಾನ್ ಡಿಗ್ಸ್ ಕೂಡ ಬಂದ. 37 ಟಚ್‌ಡೌನ್ ಪಾಸ್. ಈಗ ಹೇಳಿ, ಸೊಂಟವಾ, ಡಿಗ್ಸ್ ಆ?

ಸಾಗರದವ:
ಎರಡೂ. ಆದರೆ ಲಮಾರ್ ವಿಷಯದಲ್ಲಿ ಒಂದು ಅಂಕಿಯನ್ನು ಯಾರೂ ಗಮನಿಸುತ್ತಿಲ್ಲ. ತಿಮ್ಮ ಅವರು 2018ರ 58ನ್ನು 2024ರ ಪಕ್ಕ ಇಟ್ಟರು. 2019ನ್ನು ಇಡಿ. ಆ ವರ್ಷವೇ ಅವನದು 66.1, 2024ರಲ್ಲಿ 66.7. ಹೆಚ್ಚು ಕಡಿಮೆ ಒಂದೇ. 2019ರಲ್ಲಿ 36 ಟಚ್‌ಡೌನ್ ಪಾಸ್ ಹೊಡೆದು ಲೀಗ್‌ನಲ್ಲೇ ಮೊದಲಿಗನಾದ, ಎಲ್ಲ ಮತಗಳೂ ಬಿದ್ದು ಎಂವಿಪಿ ಆದ. ಹಾಗಾದರೆ ಆಗಲೇ ಕಲಿತುಬಿಟ್ಟಿದ್ದನಾ?

ಇಲ್ಲ ಅಂತ ನನ್ನ ವಾದ. 2019ರಲ್ಲಿ ಎಸೆದದ್ದು 401 ಸಲ. ಇಡೀ ತಂಡ ಆ ವರ್ಷ 3296 ಯಾರ್ಡ್ ಓಡಿತ್ತು, ಅದು ಲೀಗ್ ದಾಖಲೆ. ಡಿಫೆನ್ಸ್‌ನ ಎಲ್ಲರೂ ಓಟಕ್ಕೆ ಹೆದರಿ ಮುಂದೆ ಬರುತ್ತಿದ್ದರು, ಅವರ ಬೆನ್ನ ಹಿಂದೆ ಮೈದಾನದ ನಡುವೆ ಟೈಟ್ ಎಂಡ್ ಮಾರ್ಕ್ ಆಂಡ್ರೂಸ್ ನಿಂತಿರುತ್ತಿದ್ದ. ಮೊದಲ ರಿಸೀವರ್‌ಗೇ ಎಸೆತ. ತಂಡ ಮುಂದಿದ್ದಾಗ ಇದು ಸೊಗಸಾಗಿ ನಡೆಯುತ್ತಿತ್ತು. ಹಿಂದೆ ಬಿದ್ದಾಗ, ಓಡೋಕೆ ಸಮಯ ಇಲ್ಲದಾಗ, ಎಲ್ಲರಿಗೂ ಪಾಸ್ ಬರುತ್ತದೆ ಅಂತ ಗೊತ್ತಿದ್ದಾಗ ಏನಾಯಿತು? 14 ಗೆದ್ದು 2 ಸೋತ ತಂಡ ಮನೆಯಂಗಳದಲ್ಲೇ ಟೆನೆಸಿ ಎದುರು 28-12ಕ್ಕೆ ಸೋತಿತು.

ಶೇಕಡಾವಾರು ಒಂದೇ ಇರಬಹುದು, ಎಸೆತಗಳು ಬೇರೆ. 2024ರಲ್ಲಿ ಅವನು ಅಂಚಿನ ಗೆರೆ ಕಡೆಗೆ ಎಸೆಯುತ್ತಾನೆ, ರಿಸೀವರ್ ತಿರುಗುವ ಮೊದಲೇ ಚೆಂಡು ಬಿಡುತ್ತಾನೆ, ಮೂರನೆಯವನನ್ನು ಹುಡುಕುತ್ತಾನೆ. ಅದು ಹೆನ್ರಿಯಿಂದ ಬಂದದ್ದಲ್ಲ.

ಟಚ್‌ಡೌನ್_ತಿಮ್ಮ:
ಇದು ಬೇಕಿತ್ತು ಸರ್. 2019ರ ಅಂಕಿ ಹೇಳಿದರೆ ಆ ಸ್ಟೀಲರ್ಸ್‌ನವನು ತಬ್ಬಿಬ್ಬಾಗುತ್ತಾನೆ, ಹೆನ್ರಿ ಆಗ ಟೆನೆಸಿಯಲ್ಲಿ ಇದ್ದ!

ಕರಾವಳಿ_ಕುವರಿ:
ನಾನು ಕುಂದಾಪುರದವಳು, ಈಗ ಓಹಾಯೋ. ಮಗ ಹೈಸ್ಕೂಲಿನ ಕಿರಿಯರ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್. ಸಾಗರದವರು ಕಣ್ಣಿನ ವಿಷಯ ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಕಣ್ಣಾರೆ ನೋಡಿದ್ದೇನೆ.

ಇವನೂ ಓಡುವವನೇ. ಚಿಕ್ಕಂದಿನಲ್ಲಿ ಎಲ್ಲ ಮ್ಯಾಚ್‌ನಲ್ಲೂ ಎರಡು ಮೂರು ಸಲ ಉದ್ದಕ್ಕೆ ಓಡಿ ಟಚ್‌ಡೌನ್ ಮಾಡುತ್ತಿದ್ದ, ನಾವೂ ಎದ್ದು ನಿಂತು ಕಿರುಚುತ್ತಿದ್ದೆವು. ಈಗಿನ ಕೋಚ್ ಬಂದ ಮೇಲೆ ಒಂದು ಅಭ್ಯಾಸ ಶುರು ಮಾಡಿದರು. ನೆಲದಲ್ಲಿ ನಾಲ್ಕು ಕೋನ್ ಇಟ್ಟು ಒಂದು ಚೌಕ. ಮಗ ಅದರೊಳಗೆ. ಇಬ್ಬರು ಸಹಾಯಕರು ಉದ್ದ ಕೋಲಿನ ಪೊರಕೆ ಹಿಡಿದು ಅವನ ಮುಖಕ್ಕೆ, ಭುಜಕ್ಕೆ, ಕಾಲಿಗೆ ಬೀಸುತ್ತಾ ಬರುತ್ತಾರೆ. ಚೌಕ ಬಿಟ್ಟು ಹೋಗುವ ಹಾಗಿಲ್ಲ, ಒಳಗೇ ಸರಿದಾಡಬೇಕು, ಎರಡೂ ಕೈ ಚೆಂಡಿನ ಮೇಲೆ ಇರಬೇಕು. ದೂರದಲ್ಲಿ ಮೂವರು ಹುಡುಗರು ನಿಂತು ಬೆರಳು ತೋರಿಸುತ್ತಾರೆ, ಒಬ್ಬ ಎರಡು, ಒಬ್ಬ ನಾಲ್ಕು. ಪೊರಕೆ ತಪ್ಪಿಸಿಕೊಳ್ಳುತ್ತಲೇ ಎಷ್ಟು ಬೆರಳು ಅಂತ ಎಡದಿಂದ ಬಲಕ್ಕೆ ಕೂಗಬೇಕು. ಪೊರಕೆ ಕಡೆ ಒಂದು ಸಲ ಕಣ್ಣು ಹೋಯಿತೋ, ಮತ್ತೆ ಮೊದಲಿನಿಂದ.

ಶುರುವಿನಲ್ಲಿ ಮುಖ ಊದಿಸಿಕೊಂಡೇ ಮನೆಗೆ ಬರುತ್ತಿದ್ದ. ಕೋಚ್‌ಗೆ ತನ್ನ ಓಟ ಕಂಡರೆ ಆಗಲ್ಲ ಅಂತ ದೂರು. ಮ್ಯಾಚ್‌ಗಳಲ್ಲಿ ಮೊದಮೊದಲು ಇನ್ನೂ ಕೆಟ್ಟದಾಗಿ ಆಡಿದ, ಓಡಬೇಕೋ ನಿಲ್ಲಬೇಕೋ ಗೊತ್ತಾಗದೆ ಸ್ಯಾಕ್ ಆಗುತ್ತಿದ್ದ (ಎಸೆಯುವ ಮೊದಲೇ ಬೀಳಿಸುತ್ತಿದ್ದರು). ಈಗ ಪರವಾಗಿಲ್ಲ. ಇನ್ನೂ ಓಡುತ್ತಾನೆ, ಆದರೆ ಮೊದಲು ನೋಡುತ್ತಾನೆ. ತಾಯಿಯಾಗಿ ನನಗೆ ಖುಷಿ ಏನಂದ್ರೆ ಮೊಣಕಾಲಿಗೆ ಬೀಳುವ ಪೆಟ್ಟು ಕಡಿಮೆ ಆಗಿದೆ.

ಹುಬ್ಬಳ್ಳಿ_ಹೈದ:
ಪೊರಕೆ ಅಭ್ಯಾಸ ನಮ್ಮಮ್ಮ ನನಗೆ ಆರನೇ ಕ್ಲಾಸಿನಲ್ಲೇ ಮಾಡಿಸಿದ್ದರು. ಕಣ್ಣು ಬಾಗಿಲ ಮೇಲೇ ಇರುತ್ತಿತ್ತು.

ದಾವಣಗೆರೆ_ಬೆಣ್ಣೆ:
😂😂 ಕುವರಿ ಮೇಡಂ, ಕೋಚ್‌ಗೆ ನಮ್ಮ ಕಡೆಯಿಂದ ಒಂದು ಸಲಾಂ.

ಮೇರಿಲ್ಯಾಂಡ್_ಮಂಜ:
ಕಣ್ಣು ಒಂದು ಕಡೆ, ತಲೆ ಇನ್ನೊಂದು ಕಡೆ. ಲಮಾರ್ ಬೆಳೆದದ್ದು ಜಾಸ್ತಿ ಸ್ನ್ಯಾಪ್‌ಗೆ ಮುಂಚೆ ಅಂತ ನನ್ನ ಅಭಿಪ್ರಾಯ.

2021 ನವೆಂಬರ್, ಗುರುವಾರ ರಾತ್ರಿ, ಮಯಾಮಿಯಲ್ಲಿ ಡಾಲ್ಫಿನ್ಸ್ ಜೊತೆ ಮ್ಯಾಚ್. ಅವರು ಏನು ಮಾಡಿದರು ಗೊತ್ತಾ? ಸೇಫ್ಟಿಗಳನ್ನೆಲ್ಲ ಲೈನ್ ಹತ್ತಿರ ತಂದು ನಿಲ್ಲಿಸಿದರು. ಹಿಂದೆ ಕಾವಲಿಗೆ ಒಬ್ಬನೂ ಇಲ್ಲ, ಕವರ್ ಝೀರೋ. ಕೆಲವು ಸಲ ಎಲ್ಲರೂ ನುಗ್ಗಿದರು, ಕೆಲವು ಸಲ ನುಗ್ಗುವ ಹಾಗೆ ಮಾಡಿ ಹಿಂದೆ ಸರಿದರು. ಅದನ್ನೇ ಮತ್ತೆ ಮತ್ತೆ ಮಾಡಿದರು. ಲಮಾರ್ ಹತ್ತಿರ ಉತ್ತರ ಇರಲಿಲ್ಲ, ರೋಮನ್ ಹತ್ತಿರವೂ ಇರಲಿಲ್ಲ. ಹಿಂದಕ್ಕೆ ಹಿಂದಕ್ಕೆ ಹೋಗಿ ಎತ್ತಿ ಎಸೆಯೋದು, ಇಲ್ಲಾ ಸ್ಯಾಕ್. 22-10. ಉಳಿದ ತಂಡಗಳೂ ಆ ಮ್ಯಾಚ್ ನೋಡಿ ಅದನ್ನೇ ಮಾಡೋಕೆ ಶುರು ಮಾಡಿದವು.

ಈಗ 2023 ಡಿಸೆಂಬರ್ 31. ಅದೇ ಡಾಲ್ಫಿನ್ಸ್, ಬಾಲ್ಟಿಮೋರ್‌ನಲ್ಲಿ. 21 ಎಸೆತದಲ್ಲಿ 18 ಕೈ ಸೇರಿದವು, 321 ಯಾರ್ಡ್, 5 ಟಚ್‌ಡೌನ್, ರೇಟಿಂಗ್ 158.3, ಅದಕ್ಕಿಂತ ಮೇಲೆ ಇಲ್ಲ. 56-19. ನಾನು ಸ್ಟೇಡಿಯಂನಲ್ಲೇ ಇದ್ದೆ, ಪಕ್ಕದ ಸೀಟಿನ ಅಪರಿಚಿತನನ್ನು ತಬ್ಬಿಕೊಂಡು ಕುಣಿದೆ.

ನಡುವೆ ಆದದ್ದು ಏನು? ಬ್ಲಿಟ್ಜ್ (ಮಾಮೂಲಿಗಿಂತ ಹೆಚ್ಚು ಜನ ನುಗ್ಗೋದು) ಬರುವುದು ಸ್ನ್ಯಾಪ್‌ಗೆ ಮುಂಚೆ ಗೊತ್ತಾದರೆ ಲೈನ್‌ನ ರಕ್ಷಣೆಯನ್ನು ಆ ಕಡೆಗೆ ತಿರುಗಿಸಬಹುದು. ಅವರ ಕಡೆ ಒಬ್ಬ ಜಾಸ್ತಿ ಬರುತ್ತಾನೆ ಅಂದರೆ ಅವನು ಬಿಟ್ಟುಬಂದ ಜಾಗಕ್ಕೆ ತಕ್ಷಣ ಎಸೆಯಬಹುದು. ಮಾಂಕೆನ್ ಬಂದ ಮೇಲೆ ಲೈನ್ ಹತ್ತಿರ ನಿಂತು ಆಟ ಬದಲಾಯಿಸುವ ಅಧಿಕಾರ ಲಮಾರ್‌ಗೆ ಜಾಸ್ತಿ ಸಿಕ್ಕಿತು. ಅಧಿಕಾರ ಕೊಟ್ಟರೆ ಜವಾಬ್ದಾರಿ ಬರುತ್ತದೆ, ಮನೆಯಲ್ಲಿ ಕೂತು ಎದುರಾಳಿಯ ವಿಡಿಯೋ ನೋಡಲೇಬೇಕಾಗುತ್ತದೆ.

ಬಫಲೋ_ಬಸವ:
2021ರಲ್ಲಿ ಮಯಾಮಿಗೆ ಡಿಫೆನ್ಸ್ ನಡೆಸುತ್ತಿದ್ದವರೇ ಬೇರೆ, 2023ರಲ್ಲಿ ವಿಕ್ ಫಾಂಜಿಯೋ. ಅವರು ಅಷ್ಟೊಂದು ಬ್ಲಿಟ್ಜ್ ಮಾಡುವವರೇ ಅಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ತೀರ್ಪು ಕೊಡೋದು ನ್ಯಾಯ ಅಲ್ಲ.

ಮೇರಿಲ್ಯಾಂಡ್_ಮಂಜ:
ಬ್ಲಿಟ್ಜ್ ಮಾಡಿದರೂ ತಪ್ಪು, ಮಾಡದಿದ್ದರೂ ತಪ್ಪು. ನೀವು ಅಲೆನ್ ಪೂಜೆ ಮುಂದುವರಿಸಿ.

ಸಾಗರದವ:
ಬಸವ ಅವರ ಮಾತಿನಲ್ಲಿ ಹುರುಳಿದೆ. ಆದರೆ ಫಾಂಜಿಯೋ ಥರದವರ ಡಿಫೆನ್ಸ್ ಓಡುವ ಕ್ವಾರ್ಟರ್‌ಬ್ಯಾಕ್‌ಗೆ ಇನ್ನೂ ಕಷ್ಟ ಆಗಬೇಕಿತ್ತು ಅನ್ನೋದನ್ನೂ ನೋಡಿ. ಮ್ಯಾನ್ ಕವರೇಜ್‌ನಲ್ಲಿ ಕಾವಲುಗಾರರು ರಿಸೀವರ್ ಹಿಂದೆ ಓಡುತ್ತಾರೆ, ಕ್ವಾರ್ಟರ್‌ಬ್ಯಾಕ್‌ಗೆ ಬೆನ್ನು ಹಾಕಿರುತ್ತಾರೆ. ಆಗ ಲಮಾರ್ ಹೊರಟರೆ 20 ಯಾರ್ಡ್ ತಡೆಯುವವರಿಲ್ಲ. ಅದಕ್ಕೇ ಅವನ ಎದುರು ಝೋನ್ (ತಮ್ಮ ತಮ್ಮ ಜಾಗ ಕಾಯೋದು) ಜಾಸ್ತಿ ಆಡುತ್ತಾರೆ, ಎಲ್ಲರ ಮುಖವೂ ಅವನ ಕಡೆಗೆ. ನುಗ್ಗುವ ನಾಲ್ವರೂ ಜೋರಾಗಿ ನುಗ್ಗುವುದಿಲ್ಲ, ಅವನು ಹೊರಗೆ ಹೋಗದ ಹಾಗೆ ಸುತ್ತ ಗೋಡೆ ಕಟ್ಟಿ ನಿಧಾನವಾಗಿ ಮುಂದೆ ಬರುತ್ತಾರೆ. ಅಂದರೆ ಓಡುವವನನ್ನು ಬೇಕೆಂದೇ ಪಾಕೆಟ್‌ನಲ್ಲಿ ಕೂಡಿಹಾಕುತ್ತಾರೆ, ಎಸೆ ನೋಡೋಣ ಅಂತ. ಹೀಗಾಗಿ ಪಾಕೆಟ್ ಕಲಿಯೋದು ಅವನ ಆಯ್ಕೆಯಲ್ಲ, ಕಲಿಯದೆ ಬೇರೆ ದಾರಿ ಇಲ್ಲ.

ಮಲ್ಲೇಶ್ವರಂ_ಮಾವ:
ಮಕ್ಕಳೇ, ನಾನು 80ರ ದಶಕದಿಂದ ಅಮೆರಿಕದಲ್ಲಿದ್ದೇನೆ, ಒಂದು ವಿಷಯ ಹೇಳದಿದ್ದರೆ ಸಮಾಧಾನ ಇಲ್ಲ. "ಪಾಕೆಟ್ ಪಾಸರ್ ಆಗಬೇಕು" ಅಂತ ಯಾರಿಗೆ ಹೇಳುತ್ತಾರೆ ನೋಡಿ. 2018ರ ಹೊತ್ತಿಗೆ ಲಮಾರ್ ಹೈಸ್ಮನ್ (ಕಾಲೇಜಿನ ಶ್ರೇಷ್ಠ ಆಟಗಾರ ಪ್ರಶಸ್ತಿ) ಗೆದ್ದಿದ್ದ ಕಪ್ಪು ಹುಡುಗ. ಎನ್ಎಫ್ಎಲ್ ತಂಡಗಳನ್ನು ನಡೆಸಿದ ಬಿಲ್ ಪೋಲಿಯನ್ ಅಂಥ ಹಿರಿಯರೇ ಇವನು ರಿಸೀವರ್ ಆಗಬೇಕು ಅಂದರು. ಬಿಳಿಯ ಹುಡುಗ ಅಲೆನ್‌ಗೆ ಕಾಲೇಜಿನಲ್ಲಿ ಗುರಿ ಅಷ್ಟಕ್ಕಷ್ಟೇ ಇದ್ದರೂ ಯಾರೂ ರಿಸೀವರ್ ಆಗು ಅನ್ನಲಿಲ್ಲ. ಕ್ವಾರ್ಟರ್‌ಬ್ಯಾಕ್ ವಾರೆನ್ ಮೂನ್ ಕಥೆ ಗೊತ್ತಾ? 1978ರಲ್ಲಿ ಯಾವ ತಂಡವೂ ಡ್ರಾಫ್ಟ್ ಮಾಡಲಿಲ್ಲ. ಕೆನಡಾಕ್ಕೆ ಹೋಗಿ ಎಡ್ಮಂಟನ್‌ಗೆ ಸಾಲಾಗಿ 5 ಸಲ ಗ್ರೇ ಕಪ್ (ಅಲ್ಲಿನ ಲೀಗ್‌ನ ಕಪ್) ಗೆದ್ದುಕೊಟ್ಟು, 1984ರಲ್ಲಿ ಹ್ಯೂಸ್ಟನ್‌ಗೆ ಬಂದರು. ಅವರ ಎಸೆತದಂಥ ಸೊಗಸಾದ ಎಸೆತ ನಾನು ಕಂಡಿಲ್ಲ. ಕಪ್ಪು ಹುಡುಗ ಎಸೆದರೂ ಓಟ ಮಾತ್ರ ಕಾಣುವ ಕಾಲ ಅದು. ಇಬ್ಬರು ಕಪ್ಪು ಕ್ವಾರ್ಟರ್‌ಬ್ಯಾಕ್‌ಗಳು ಸೂಪರ್ ಬೌಲ್‌ನಲ್ಲಿ ಎದುರಾಬದುರಾ ಆಗೋಕೆ 2023 ಬರಬೇಕಾಯಿತು, ಮಹೋಮ್ಸ್ ಮತ್ತು ಹರ್ಟ್ಸ್.

ಎಡಗೈ_ಎಂಕ:
ಒಪ್ಪಿದೆ ಮಾವ. ಲಮಾರ್ ಅದನ್ನು ಮರೆತಿಲ್ಲ. 2019ರ ಮೊದಲ ಮ್ಯಾಚ್‌ನಲ್ಲಿ 5 ಟಚ್‌ಡೌನ್ ಎಸೆದು, ರನ್ನಿಂಗ್ ಬ್ಯಾಕ್ ಒಬ್ಬನಿಗೆ ಇದು ಕೆಟ್ಟದ್ದೇನಲ್ಲ ಅಂತ ಹೇಳಿ ನಕ್ಕ.

ಆದರೆ ಅಸಲಿ ಕೊರತೆಯೂ ಇರುತ್ತದೆ, ಎಲ್ಲವನ್ನೂ ಪೂರ್ವಗ್ರಹಕ್ಕೆ ಹಾಕಬಾರದು. ಕ್ವಾರ್ಟರ್‌ಬ್ಯಾಕ್ ಮೈಕಲ್ ವಿಕ್ ನೋಡಿ. ಅಟ್ಲಾಂಟಾದ ವರ್ಷಗಳಲ್ಲಿ ಒಟ್ಟು 53.8 ಶೇಕಡಾ. ಅಲ್ಲಿ ತಾನು ಸರಿಯಾಗಿ ಓದಲಿಲ್ಲ, ದುಡಿಯಲಿಲ್ಲ ಅಂತ ಅವನೇ ಆಮೇಲೆ ಹೇಳಿಕೊಂಡಿದ್ದಾನೆ. 2010ರಲ್ಲಿ ಆಂಡಿ ರೀಡ್ ಕೈಕೆಳಗೆ ಫಿಲಡೆಲ್ಫಿಯಾದಲ್ಲಿ 62.6 ಶೇಕಡಾ, 21 ಟಚ್‌ಡೌನ್, 6 ಇಂಟರ್‌ಸೆಪ್ಷನ್. ಅದೇ ಎಡಗೈ. 30 ವಯಸ್ಸಿಗೆ ಕಲಿತದ್ದನ್ನು 22ಕ್ಕೆ ಕಲಿತಿದ್ದರೆ! ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಸತ್ಯವಾದಿ_77:
ಎಲ್ಲ ಸರಿ, ಪ್ಲೇಆಫ್ ಬಂದಾಗ ಎಲ್ಲಿ ಹೋಗುತ್ತಾನೆ ನಿಮ್ಮ ಪಾಕೆಟ್ ಪಾಸರ್? 2024 ಜನವರಿ, ಚೀಫ್ಸ್ ಎದುರು, ಮನೆಯಂಗಳದಲ್ಲಿ, 17-10ಕ್ಕೆ ಸೋಲು. ಕೊನೆಯ ಕ್ವಾರ್ಟರ್‌ನಲ್ಲಿ ಮೂವರು ಕಾವಲಿರುವ ಕಡೆಗೆ ಎಸೆದು ಇಂಟರ್‌ಸೆಪ್ಷನ್. ಕಲಿತವನು ಹಾಗೆ ಎಸೆಯುತ್ತಾನಾ?

ಮೇರಿಲ್ಯಾಂಡ್_ಮಂಜ:
ಅದೇ ಮ್ಯಾಚ್‌ನಲ್ಲಿ ನಮ್ಮ ರನ್ನಿಂಗ್ ಬ್ಯಾಕ್‌ಗಳಿಗೆ ಚೆಂಡು ಕೊಟ್ಟದ್ದು ಒಟ್ಟು 6 ಸಲ. ಆರು! ಲೀಗ್‌ನಲ್ಲೇ ಚೆನ್ನಾಗಿ ಓಡುವ ತಂಡ. ಅದಕ್ಕೆ ಲಮಾರ್ ಹೊಣೆಯಾ?

ಸತ್ಯವಾದಿ_77:
ಬಂತು ನೆಪ.

ಸಾಗರದವ:
ಆ ಎಸೆತ ಕೆಟ್ಟದ್ದೇ, ಅದಕ್ಕೆ ನೆಪ ಬೇಡ. ಆದರೆ ಅಲ್ಲಿ ಕಾಣೋದು ಓಡುವವನ ತಪ್ಪಲ್ಲ, ನಿಂತು ಎಸೆಯುವವನ ತಪ್ಪು. ಹಿಂದೆ ಬಿದ್ದಿದ್ದಾರೆ, ಟೈಟ್ ಎಂಡ್ ಮೇಲೆ ನಂಬಿಕೆ ಇಟ್ಟು ಬಲವಂತ ಮಾಡಿದ. ಹಳೆಯ ಲಮಾರ್ ಆಗಿದ್ದರೆ ಅಲ್ಲಿ ಓಡಿಬಿಡುತ್ತಿದ್ದ, ಬಹುಶಃ ಅದೇ ಸರಿ ಇರುತ್ತಿತ್ತು. ಕಲಿಯುವಾಗ ಇದೂ ಆಗುತ್ತದೆ. ಕುವರಿಯವರ ಮಗನಿಗೆ ಆಯಿತಲ್ಲ, ಓಡಬೇಕೋ ನಿಲ್ಲಬೇಕೋ ಗೊತ್ತಾಗದ ಕಾಲ, ಅದು ದೊಡ್ಡವರಿಗೂ ಬರುತ್ತದೆ.

2025 ಜನವರಿಯ ಬಫಲೋ ಮ್ಯಾಚ್ ನೋಡಿ. ಮೊದಲರ್ಧದಲ್ಲಿ ಒಂದು ಇಂಟರ್‌ಸೆಪ್ಷನ್, ಒಂದು ಫಂಬಲ್ (ಚೆಂಡು ಕೈಜಾರಿದ್ದು), ಹಿಮದಲ್ಲಿ. ಆಮೇಲೆ ಪಾಕೆಟ್‌ನಲ್ಲೇ ನಿಂತು ತಂಡವನ್ನು ವಾಪಸ್ ತಂದ. 25ರಲ್ಲಿ 18. ಕೊನೆಗೆ ಅಂಕ ಸಮ ಮಾಡುವ ಎರಡು ಪಾಯಿಂಟ್‌ನ ಪಾಸ್, ಮಾರ್ಕ್ ಆಂಡ್ರೂಸ್ ಕೈಗೇ ಕೊಟ್ಟ, ಜಾರಿತು. 27-25. ಹಿಡಿದಿದ್ದರೆ ಇವತ್ತು ಈ ಚರ್ಚೆ ಬೇರೆ ಥರ ಇರುತ್ತಿತ್ತು.

ಬಫಲೋ_ಬಸವ:
ಆ ಮ್ಯಾಚ್ ಬಗ್ಗೆ ನಾನು ಏನೂ ಹೇಳಲ್ಲ. 🙏 ಮಂಜಣ್ಣ ನನ್ನನ್ನು ಬ್ಲಾಕ್ ಮಾಡಿಬಿಡುತ್ತಾರೆ.

ದಾವಣಗೆರೆ_ಬೆಣ್ಣೆ:
ಮಧ್ಯೆ ಒಂದು ಬೇರೆ ಪ್ರಶ್ನೆ. ಇಲ್ಲಿ ಭಾನುವಾರದ ಮೊದಲ ಮ್ಯಾಚ್ ರಾತ್ರಿ ಹತ್ತೂವರೆಗೆ ಬರುತ್ತದೆ, ನವೆಂಬರ್ ಆದಮೇಲೆ ಹನ್ನೊಂದೂವರೆ. ಅವರ ರಾತ್ರಿ ಮ್ಯಾಚ್ ನಮಗೆ ಸೋಮವಾರ ಬೆಳಗ್ಗೆ ಕಾಫಿ ಹೊತ್ತಿಗೆ. ಬೇರೆಯವರು ನಿದ್ದೆ ಹೇಗೆ ಹೊಂದಿಸುತ್ತೀರಿ?

ಹುಬ್ಬಳ್ಳಿ_ಹೈದ:
ಹೊಂದಿಸಲ್ಲ. ಸೋಮವಾರ ವರ್ಕ್ ಫ್ರಮ್ ಹೋಮ್ ಹಾಕಿ, ಕ್ಯಾಮೆರಾ ಆಫ್ ಮಾಡಿ.

ಟಚ್‌ಡೌನ್_ತಿಮ್ಮ:
ನನ್ನ ಮ್ಯಾನೇಜರ್ ಈ ವೇದಿಕೆಯಲ್ಲಿ ಇಲ್ಲ ಅಂದುಕೊಂಡು ಹೇಳುತ್ತೇನೆ, ನಾನೂ ಅದೇ.

ಸರಿ, ವಿಷಯಕ್ಕೆ ಬರೋಣ. 2024 ಅಕ್ಟೋಬರ್‌ನ ಸಿನ್ಸಿನಾಟಿ ಮ್ಯಾಚ್‌ನ ಆ ಒಂದು ಆಟ ಯಾವ ಲೆಕ್ಕಕ್ಕೆ ಸೇರಿಸುತ್ತೀರಿ? ಸ್ನ್ಯಾಪ್ ಕೈ ಜಾರಿತು, ಎತ್ತಿಕೊಂಡ, ಎದುರಾಳಿ ಸ್ಯಾಮ್ ಹಬಾರ್ಡ್ ಮೈಮೇಲೆ ಬಂದ, ಒಂದೇ ಕೈಯಲ್ಲಿ ಅವನನ್ನು ತಳ್ಳಿ ಬಲಕ್ಕೆ ಓಡುತ್ತಾ ಐಸಾಯಾ ಲೈಕ್ಲಿಗೆ ಟಚ್‌ಡೌನ್ ಎಸೆದ. ತಂಡ ಓವರ್‌ಟೈಮ್‌ನಲ್ಲಿ 41-38ಕ್ಕೆ ಗೆದ್ದಿತು. ಅದು ಪಾಕೆಟ್ ಪಾಸಿಂಗ್ ಅಲ್ಲವೇ ಅಲ್ಲ. ಅವನ ಬೆಸ್ಟ್ ಎಸೆತಗಳು ಈಗಲೂ ಇಂಥವೇ ಅಂತ ನಮ್ಮ ಆಫೀಸಿನವನು ವಾದ ಮಾಡುತ್ತಾನೆ.

ಕರಾವಳಿ_ಕುವರಿ:
ಅದನ್ನು ಸ್ಲೋ ಮೋಷನ್‌ನಲ್ಲಿ ಮತ್ತೆ ನೋಡಿ. ತಳ್ಳುವಾಗಲೂ ಓಡುವಾಗಲೂ ತಲೆ ಎಂಡ್ ಝೋನ್ ಕಡೆಗೇ ಇದೆ. ಪೊರಕೆ ನೋಡಲಿಲ್ಲ. ನನ್ನ ಮಗನಿಗೆ ಅದನ್ನೇ ತೋರಿಸಿದ್ದು.

ಸಾಗರದವ:
ಮೇಡಂ ಹೇಳಿದ್ದಕ್ಕೆ ಸೇರಿಸಲು ಏನೂ ಇಲ್ಲ.

ಎಡಗೈ_ಎಂಕ:
ಫಿಲಡೆಲ್ಫಿಯಾದ ಕ್ವಾರ್ಟರ್‌ಬ್ಯಾಕ್ ಹರ್ಟ್ಸ್ ಬಗ್ಗೆ ಯಾರೂ ಬರೆಯಲಿಲ್ಲ. 2020ರಲ್ಲಿ 52 ಶೇಕಡಾ, 2021ರಲ್ಲಿ 61.3, 2022ರಲ್ಲಿ 66.5. 2021ರಲ್ಲಿ ಅವನು ರಶ್ ಬರುವ ಮೊದಲೇ ಬಲಕ್ಕೆ ಹೊರಟುಬಿಡುತ್ತಿದ್ದ, ಹಾಗೆ ಹೊರಟರೆ ಮೈದಾನದ ಎಡಭಾಗ ಪೂರ್ತಿ ಸತ್ತ ಹಾಗೆ. ಎದುರಾಳಿಗಳಿಗೆ ಗೊತ್ತಾಗಿ ಬಲಗಡೆ ಒಬ್ಬನನ್ನು ಕಾಯೋಕೆ ನಿಲ್ಲಿಸಿದರು. 2022ರಲ್ಲಿ ರಿಸೀವರ್ ಎ.ಜೆ. ಬ್ರೌನ್ ಬಂದ, ಇವನೂ ನಿಲ್ಲೋದನ್ನು ಕಲಿತ. 2025 ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ 22ರಲ್ಲಿ 17, ಓಡಿ 72 ಯಾರ್ಡ್, ಎಂವಿಪಿ. ಅವನ ಮುಂದೆ ಇದ್ದ ಆಫೆನ್ಸಿವ್ ಲೈನ್ ಲೀಗ್‌ನ ಅತ್ಯುತ್ತಮ ಲೈನ್‌ಗಳಲ್ಲಿ ಒಂದು. ಪಾಕೆಟ್ ಕಲಿಯಬೇಕಾದರೆ ಪಾಕೆಟ್ ಅನ್ನೋದು ಇರಬೇಕಲ್ವಾ! ಕೆಟ್ಟ ಲೈನ್ ಹಿಂದೆ ಎರಡು ವರ್ಷ ಪೆಟ್ಟು ತಿಂದ ಹುಡುಗನಿಗೆ ನಿಂತ್ಕೋ ಅಂದರೆ ಹೇಗೆ ನಿಲ್ಲುತ್ತಾನೆ?

ಮಲ್ಲೇಶ್ವರಂ_ಮಾವ:
ರ‍್ಯಾಂಡಲ್ ಕನಿಂಗ್‌ಹ್ಯಾಮ್ ಅನ್ನೋ ಕ್ವಾರ್ಟರ್‌ಬ್ಯಾಕ್ ಫಿಲಡೆಲ್ಫಿಯಾದಲ್ಲಿ ಅನುಭವಿಸಿದ್ದು ಅದೇ. ಹಿಂದಿನಿಂದ ಮುಂದಿನಿಂದ ಪೆಟ್ಟು. 1998ರಲ್ಲಿ ಮಿನ್ನೆಸೋಟಾಗೆ ಒಳ್ಳೆಯ ಲೈನ್ ಇತ್ತು, 35 ವರ್ಷದ ಮನುಷ್ಯ ನಿಂತಲ್ಲೇ ನಿಂತು 34 ಟಚ್‌ಡೌನ್ ಎಸೆದ. ತಂಡ 15 ಗೆದ್ದು 1 ಸೋತಿತು.

ಬಫಲೋ_ಬಸವ:
ಮಾವ, ಆ ವರ್ಷ ಅಲ್ಲಿ ರ‍್ಯಾಂಡಿ ಮಾಸ್ ಇದ್ದ. ಕ್ರಿಸ್ ಕಾರ್ಟರ್ ಇದ್ದ. ಎತ್ತಿ ಎಸೆದರೆ ಮಾಸ್ ಹಿಡಿಯುತ್ತಿದ್ದ.

ಮಲ್ಲೇಶ್ವರಂ_ಮಾವ:
ಎತ್ತಿ ಎಸೆಯೋಕೂ ಮಾಸ್ ಅಲ್ಲಿಗೆ ಓಡಿ ತಲುಪುವವರೆಗೆ ಕಾಯಬೇಕಪ್ಪಾ. ಆ ಕಾಯೋದನ್ನೇ ನಾವು ಇಷ್ಟು ಹೊತ್ತು ಮಾತಾಡುತ್ತಿರೋದು.

ದಾವಣಗೆರೆ_ಬೆಣ್ಣೆ:
ಇಷ್ಟೆಲ್ಲ ಓದಿದ ಮೇಲೆ ಹಳೆಯ ಮ್ಯಾಚ್ ನೋಡಬೇಕು ಅನ್ನಿಸುತ್ತಿದೆ. ಎಲ್ಲಿಂದ ಶುರು ಮಾಡಲಿ?

ಮೇರಿಲ್ಯಾಂಡ್_ಮಂಜ:
2023 ಡಿಸೆಂಬರ್ 31. ಕಣ್ಣು ಮುಚ್ಚಿ.

ಸಾಗರದವ:
ಮೊದಲು 2021ರ ಮಯಾಮಿ ಮ್ಯಾಚ್ ನೋಡಿ, ಆಮೇಲೆ ಮಂಜ ಹೇಳಿದ್ದು. ಲಮಾರ್‌ನನ್ನು ನೋಡಬೇಡಿ. ಸ್ನ್ಯಾಪ್‌ಗೆ ಮುಂಚೆ ವಿಡಿಯೋ ನಿಲ್ಲಿಸಿ, ಸೇಫ್ಟಿಗಳು ಎಲ್ಲಿದ್ದಾರೆ ನೋಡಿ, ಚೆಂಡು ಯಾರಿಗೆ ಹೋಗುತ್ತದೆ ಅಂತ ನೀವೇ ಊಹೆ ಮಾಡಿ, ಆಮೇಲೆ ಪ್ಲೇ ಒತ್ತಿ.

ಸತ್ಯವಾದಿ_77:
ಆಮೇಲೆ ಚೀಫ್ಸ್ ಮ್ಯಾಚನ್ನೂ ನೋಡಿ. 😏